ಜಮಖಂಡಿಯಲ್ಲಿ ಕಂಡ ಕಿತ್ತಳೆ ಗೆರೆ

ಮುಧೋಳ ಎಂದೊಡನೆ ನಮಗೆ ಕವಿಚಕ್ರವರ್ತಿ ರನ್ನ ನೆನಪಾಗುತ್ತಾನೆ, ಇಲ್ಲವೇ ಆ ಸೀಮೆಯ ಬೇಟೆನಾಯಿ. ಜಮಖಂಡಿ ಎಂದರೆ ಪಟವರ್ಧನರ ಸಂಸ್ಥಾನ. ರಬಕವಿ-ಬನಹಟ್ಟಿ ಎಂದರೆ ಮಗ್ಗದ ಸದ್ದು. ಸೂರ್ಯ ಏತರಿಂದ ಆಗಿದ್ದಾನೆ, ಧೂಮಕೇತುವಿನ ಒಡಲಲ್ಲಿ ಏನಿದೆ ಎಂಬ ಮಾತು ಬಂದಾಗ ಈ ಊರುಗಳನ್ನು ಯಾರೂ ನೆನೆಯುವುದಿಲ್ಲ. ಆದರೆ ನೆಲದ ಮೇಲೆ ನಿಂತ ಮನುಷ್ಯ ಆಕಾಶಕಾಯಗಳ ಒಡಲನ್ನು ಅರಿತುಕೊಂಡ ಕಥೆಯಲ್ಲಿ ಜಮಖಂಡಿಗೂ ಒಂದು ಪುಟವಿದೆ. ಆ ಪುಟದಲ್ಲಿ ಗೆಲುವೂ ಇದೆ, ಕೈಗೆ ಬಂದು ಗುರುತು ಸಿಗದೆ ಹೋದ ಗೆಲುವೂ ಇದೆ.

1868ರ ಆಗಸ್ಟ್ 18, ಮಂಗಳವಾರ. ಶ್ರಾವಣದ ಅಮಾವಾಸ್ಯೆ. ಅಂದು ಮುಂಜಾನೆ ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ದಾಟಿ, ಘಟ್ಟವನ್ನೇರಿ, ಕೃಷ್ಣಾ-ಘಟಪ್ರಭೆಯರ ಈ ನಾಡಿನ ಮೇಲೆ ಹಾದು, ಗುಂಟೂರು, ಮಚಲೀಪಟ್ಟಣಗಳತ್ತ ಸಾಗಿತು. ಜಮಖಂಡಿ, ಮುಧೋಳ, ಬೀಳಗಿ, ವಿಜಾಪುರ ಎಲ್ಲವೂ ಆ ನೆರಳಿನ ಹಾದಿಯಲ್ಲಿದ್ದವು. ಇಲ್ಲಿ ಸೂರ್ಯ ಪೂರ್ತಿಯಾಗಿ ಮರೆಯಾಗುವ ಕಾಲ ಐದು ನಿಮಿಷಕ್ಕೆ ತುಸು ಹೆಚ್ಚು. ಅಷ್ಟು ಹೊತ್ತಿಗಾಗಿ ಜಮಖಂಡಿಯಲ್ಲಿ ಒಬ್ಬ ಅಧಿಕಾರಿ ದೂರದರ್ಶಕಕ್ಕೆ ಕಣ್ಣಿಟ್ಟು ಕಾಯುತ್ತಿದ್ದ. ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಬೇಕಾದ ಉಪಕರಣಗಳನ್ನು ಒದಗಿಸಿತ್ತು. ಅವನ ಹೆಸರು ಲೆಫ್ಟಿನೆಂಟ್ ಜಾನ್ ಹರ್ಷೆಲ್.

ಆ ಮನೆತನದ ಹೆಸರು ಖಗೋಳಶಾಸ್ತ್ರದಲ್ಲಿ ದೊಡ್ಡದು. ಅಜ್ಜ ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವನು. ತಂದೆ ಸರ್ ಜಾನ್ ಹರ್ಷೆಲ್ ಆಫ್ರಿಕದ ದಕ್ಷಿಣ ತುದಿಯಲ್ಲಿ ನಾಲ್ಕು ವರ್ಷ ಬೀಡುಬಿಟ್ಟು ದಕ್ಷಿಣದ ಆಕಾಶದ ಪಟ್ಟಿ ಮಾಡಿದವನು. ಮಗ ಭಾರತಕ್ಕೆ ಬಂದದ್ದು ಮಹಾ ತ್ರಿಕೋನಮಿತಿ ಸರ್ವೆಯ ಎಂಜಿನಿಯರನಾಗಿ, ನೆಲ ಅಳೆಯುವ ಕೆಲಸಕ್ಕೆ. ಆದರೆ ಆ ಮುಂಜಾನೆ ಅವನು ಅಳೆಯಬೇಕಾಗಿದ್ದದ್ದು ಸೂರ್ಯನ ಬೆಳಕನ್ನು.

ತಮಾಷೆಯೆಂದರೆ, ಅಜ್ಜ ವಿಲಿಯಂ ಹರ್ಷೆಲ್ ಸೂರ್ಯನನ್ನು ಕುರಿತು ನಂಬಿದ್ದೇ ಬೇರೆ. ಹೊರಗೆ ಕಾಣುವುದು ಹೊಳೆಯುವ ಮೋಡಗಳ ಹೊದಿಕೆ. ಅದರೊಳಗೆ ತಂಪಾದ ಗಟ್ಟಿ ನೆಲವಿದೆ, ಅಲ್ಲಿ ಜೀವಿಗಳೂ ಇದ್ದಾರು ಎಂದು ಆತ 1795ರಲ್ಲಿ ಬರೆದಿದ್ದ. ಇಂದು ನಮಗೆ ನಗು ಬರಬಹುದು. ಆದರೆ ಆಗಿನ ಕಾಲಕ್ಕೆ ಆ ಮಾತನ್ನು ಸುಳ್ಳೆಂದು ತೋರಿಸುವ ದಾರಿಯೇ ಯಾರ ಬಳಿಯೂ ಇರಲಿಲ್ಲ. ಸೂರ್ಯನಿಗೆ ಕೈಯಿಟ್ಟು ನೋಡಿದವರು ಯಾರು? ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಂಟ್ 1835ರಲ್ಲಿ ಇದನ್ನೇ ಒಂದು ನಿಯಮದಂತೆ ಸಾರಿದ. ನಕ್ಷತ್ರಗಳ ದೂರ, ಗಾತ್ರ, ಚಲನೆಗಳನ್ನು ಅಳೆಯಬಹುದು. ಅವು ಯಾವ ವಸ್ತುಗಳಿಂದ ಆಗಿವೆ ಎಂಬುದನ್ನು ಮಾತ್ರ ಮನುಷ್ಯ ಎಂದೂ ತಿಳಿಯಲಾರ ಎಂಬುದು ಅವನ ಅಭಿಪ್ರಾಯ.

ಅಜ್ಜನ ಊಹೆಯಿಂದ ಮೊಮ್ಮಗನ ಅಳತೆಯವರೆಗಿನ ಎಪ್ಪತ್ತಮೂರು ವರ್ಷಗಳಲ್ಲಿ ಏನು ಬದಲಾಯಿತು? ಅದಕ್ಕೆ ಉತ್ತರ ನಮ್ಮ ಅಡಿಗೆಮನೆಯಲ್ಲೇ ಇದೆ.

ಒಲೆಗೆ ಬಿದ್ದ ಉಪ್ಪು

ಮಗುವಿಗೆ ದೃಷ್ಟಿಯಾಗಿದೆ ಎಂದು ಮನೆಯ ಹಿರಿಯರು ಉಪ್ಪು, ಮೆಣಸಿನಕಾಯಿಗಳನ್ನು ನಿವಾಳಿಸಿ ಒಲೆಗೆ ಹಾಕುವುದನ್ನು ನಮ್ಮಲ್ಲಿ ನೋಡದವರು ಕಡಿಮೆ. ಎಲ್ಲರ ಗಮನ ಚಟಪಟ ಸದ್ದಿನ ಮೇಲೆ, ಮೆಣಸಿನಕಾಯಿಯ ಘಾಟಿನ ಮೇಲೆ ಇರುತ್ತದೆ. ಮುಂದಿನ ಸಲ ಉರಿಯ ಬಣ್ಣವನ್ನು ನೋಡಿ. ಉಪ್ಪು ಬಿದ್ದ ಕಡೆ ಉರಿ ಗಾಢವಾದ ಹಳದಿಯಾಗಿ ಏಳುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಕಾದಾಗ ಕೊಡುವ ಬಣ್ಣ ಅದು. ಎಲ್‌ಇಡಿ ದೀಪಗಳು ಬರುವ ಮೊದಲು ನಗರದ ಬೀದಿಗಳನ್ನು ಹಳದಿಯಾಗಿ ಬೆಳಗುತ್ತಿದ್ದ ದೀಪಗಳಲ್ಲಿ ಇದ್ದದ್ದೂ ಸೋಡಿಯಮ್ಮೇ. ದೀಪಾವಳಿಯ ಬಾಣಬಿರುಸಿನ ಹಸಿರು ಬೇರಿಯಮ್ಮಿನದು, ಕೆಂಪು ಸ್ಟ್ರಾನ್ಷಿಯಮ್ಮಿನದು. ಒಂದೊಂದು ಮೂಲವಸ್ತುವಿಗೂ ಕಾದಾಗ ತನ್ನದೇ ಬಣ್ಣವುಂಟು.

ಬರಿಗಣ್ಣಿಗೆ ಈ ಬಣ್ಣ ಒಟ್ಟಾಗಿ ಕಾಣುತ್ತದೆ. ಅದೇ ಬೆಳಕನ್ನು ಸಣ್ಣದೊಂದು ಸೀಳಿನ ಮೂಲಕ ಹಾಯಿಸಿ, ಗಾಜಿನ ಪಟ್ಟಕದಿಂದ ಒಡೆದು ನೋಡಿದರೆ ಕತ್ತಲ ಹಿನ್ನೆಲೆಯಲ್ಲಿ ಪ್ರತ್ಯೇಕವಾದ ಹೊಳೆಯುವ ಗೆರೆಗಳು ಮೂಡುತ್ತವೆ. ಹೀಗೆ ಒಡೆದ ಬೆಳಕಿನ ಪಟ್ಟಿಗೆ ರೋಹಿತ ಎಂದು ಹೆಸರು. ಅದನ್ನು ನೋಡುವ ಉಪಕರಣ ರೋಹಿತದರ್ಶಕ. ಸೋಡಿಯಮ್ಮಿಗೆ ಹಳದಿಯಲ್ಲಿ ಒತ್ತೊತ್ತಾಗಿ ನಿಂತ ಎರಡು ಗೆರೆ. ಜಲಜನಕಕ್ಕೆ ಕೆಂಪಿನಲ್ಲಿ ಒಂದು, ಹಸಿರು-ನೀಲಿಯಲ್ಲಿ ಒಂದು, ನೇರಿಳೆಯತ್ತ ಮತ್ತೆ ಕೆಲವು. ಒಬ್ಬನ ಹೆಬ್ಬೆಟ್ಟಿನ ಗುರುತು ಇನ್ನೊಬ್ಬನದರಂತೆ ಇರದ ಹಾಗೆ ಒಂದು ಮೂಲವಸ್ತುವಿನ ಗೆರೆಗಳ ಜೋಡಣೆ ಇನ್ನೊಂದರಂತೆ ಇರುವುದಿಲ್ಲ.

ಸೂರ್ಯನ ಬೆಳಕನ್ನು ಹೀಗೆ ಒಡೆದರೆ ಕಾಮನಬಿಲ್ಲಿನ ಏಳೂ ಬಣ್ಣಗಳ ಪಟ್ಟಿ ಬರುತ್ತದೆ. ನ್ಯೂಟನ್ ಕಂಡದ್ದು ಅಷ್ಟೇ. 1814ರಲ್ಲಿ ಜರ್ಮನಿಯ ಗಾಜಿನ ಕುಶಲಕರ್ಮಿ ಫ್ರೌನ್‌ಹೋಫರ್ ತನ್ನ ಉತ್ತಮ ಗಾಜಿನಿಂದ ನೋಡಿದಾಗ ಆ ಪಟ್ಟಿಯ ಉದ್ದಕ್ಕೂ ನೂರಾರು ಕಪ್ಪು ಗೆರೆಗಳು ಕಂಡವು. ರಬಕವಿಯ ನೇಕಾರನಿಗೆ ಇದನ್ನು ವಿವರಿಸುವುದು ಸುಲಭ: ಹಾಸಿನಲ್ಲಿ ಅಲ್ಲಲ್ಲಿ ಎಳೆ ತಪ್ಪಿಹೋದ ಬಣ್ಣದ ಸೀರೆಯನ್ನು ಬೆಳಕಿಗೆ ಹಿಡಿದಂತೆ. ಫ್ರೌನ್‌ಹೋಫರ್ ಮುಖ್ಯವಾದ ಗೆರೆಗಳಿಗೆ ಎ, ಬಿ, ಸಿ, ಡಿ ಎಂದು ಅಕ್ಷರಗಳನ್ನು ಕೊಟ್ಟ. ಅವು ಏಕೆ ಬಂದಿವೆ ಎಂಬುದು ಅವನಿಗೂ ತಿಳಿಯಲಿಲ್ಲ.

ಆ ಒಗಟು ಬಿಡಿಸಿದವರು 1859ರಲ್ಲಿ ಹೈಡೆಲ್‌ಬರ್ಗಿನ ಕಿರ್ಖಾಫ್ ಮತ್ತು ಬುನ್ಸೆನ್. ಕಾದ ಅನಿಲ ಯಾವ ಬಣ್ಣದ ಗೆರೆಯನ್ನು ಹೊರಸೂಸುತ್ತದೆಯೋ, ತನಗಿಂತ ಬಿಸಿಯಾದ ಮೂಲದ ಬೆಳಕು ತನ್ನ ಮೂಲಕ ಹಾಯುವಾಗ ಅದೇ ಬಣ್ಣವನ್ನು ನುಂಗಿಕೊಳ್ಳುತ್ತದೆ. ಸೂರ್ಯನ ಹಳದಿಯಲ್ಲಿ ಕಾಣುವ ಡಿ ಎಂಬ ಕಪ್ಪು ಗೆರೆಗಳು ಸೋಡಿಯಮ್ಮಿನ ಹೊಳೆಯುವ ಗೆರೆಗಳ ಸ್ಥಾನದಲ್ಲೇ ನಿಂತಿವೆ. ಅಂದರೆ ಸೂರ್ಯನ ಹೊರಪದರದಲ್ಲಿ ಸೋಡಿಯಂ ಇದೆ! ನಮ್ಮ ಒಲೆಗೆ ಬಿದ್ದ ಉಪ್ಪಿನ ವಸ್ತುವೇ ಹದಿನೈದು ಕೋಟಿ ಕಿಲೋಮೀಟರ್ ಆಚೆಯೂ ಇದೆ. ಕಬ್ಬಿಣವೂ ಇದೆ, ಸುಣ್ಣದಲ್ಲಿರುವ ಕ್ಯಾಲ್ಸಿಯಮ್ಮೂ ಇದೆ. ಎಂದೂ ತಿಳಿಯಲಾರದು ಎಂದಿದ್ದ ಕಾಂಟ್ ತೀರಿಕೊಂಡು ಆಗ ಎರಡೇ ವರ್ಷವಾಗಿತ್ತು.

ಮೋಡದ ಸಂದಿನಲ್ಲಿ ಮೂರು ಗೆರೆ

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಖಗ್ರಾಸ ಗ್ರಹಣದ ವೇಳೆ ಕಪ್ಪು ಚಂದ್ರನ ಅಂಚಿನ ಸುತ್ತ ಕೆಂಪು ನಾಲಗೆಗಳಂಥ ಚಾಚಿಕೆಗಳು ಕಾಣುತ್ತವೆ. ಅವು ಚಂದ್ರನವಲ್ಲ, ಸೂರ್ಯನವು ಎಂಬುದು 1860ರಲ್ಲಿ ಸ್ಪೇನಿನಲ್ಲಿ ತೆಗೆದ ಗ್ರಹಣದ ಛಾಯಾಚಿತ್ರಗಳಿಂದ ಖಚಿತವಾಗಿತ್ತು. ಆದರೆ ಅವು ಏನು? ಬೆಟ್ಟಗಳೇ, ಮೋಡಗಳೇ, ಉರಿಯುವ ಅನಿಲವೇ? ಅವುಗಳ ರೋಹಿತ ಕಾಮನಬಿಲ್ಲಿನಂತೆ ಎಡೆಬಿಡದೆ ಬಂದರೆ ಅದು ಘನ ಅಥವಾ ದ್ರವ ವಸ್ತು. ಬಿಡಿಬಿಡಿ ಗೆರೆಗಳಾಗಿ ಬಂದರೆ ಕಾದ ಅನಿಲ. 1868ರ ಗ್ರಹಣಕ್ಕೆ ರೋಹಿತದರ್ಶಕಗಳನ್ನು ಹೊತ್ತು ವಿಜ್ಞಾನಿಗಳು ಭಾರತಕ್ಕೆ ಧಾವಿಸಿದ್ದು ಈ ಒಂದು ಪ್ರಶ್ನೆಗಾಗಿ. ಗುಂಟೂರಿನಲ್ಲಿ ಫ್ರಾನ್ಸಿನ ಜೂಲ್ಸ್ ಜಾನ್ಸೆನ್ ಮತ್ತು ಇಂಗ್ಲಿಷರ ಮೇಜರ್ ಟೆನೆಂಟ್, ಮಚಲೀಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ಪಾಗ್ಸನ್, ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ಜಮಖಂಡಿಯಲ್ಲಿ ಹರ್ಷೆಲ್.

ಆಗಸ್ಟ್ ಎಂದರೆ ಮಳೆಗಾಲ. ಕರಾವಳಿಯಲ್ಲಿ ಆಕಾಶ ಕಾಣುವ ನಂಬಿಕೆಯಿಲ್ಲ. ಘಟ್ಟದ ಈಚೆ, ಮಳೆಯ ನೆರಳಿನ ಸೀಮೆಯಲ್ಲಿ ಸ್ವಲ್ಪ ಆಸೆಯಿಡಬಹುದು. ಆದರೂ ಅಂದು ಜಮಖಂಡಿಯ ಮೇಲೆ ಮೋಡಗಳು ಸಾಲುಗಟ್ಟಿ ಹಾಯುತ್ತಿದ್ದವು. ಸೂರ್ಯ ಪೂರ್ತಿ ಮರೆಯಾದರೂ ಮೋಡ ಸರಿಯಲಿಲ್ಲ. ಮಳೆಗಾಗಿ ಮೋಡದ ದಾರಿ ಕಾಯುವ ಸೀಮೆಯಲ್ಲಿ ಒಬ್ಬ ಮನುಷ್ಯ ಮೋಡ ತೊಲಗಲಿ ಎಂದು ಹಂಬಲಿಸಿದ ಅಪರೂಪದ ಗಳಿಗೆ ಅದು. ಐದು ನಿಮಿಷಗಳಲ್ಲಿ ಒಂದೊಂದೇ ಕೈಬಿಡುತ್ತಿದ್ದಂತೆ, ಒಮ್ಮೆ ಮೋಡ ಹರಿದು ಸಂದು ಮೂಡಿತು. ಹರ್ಷೆಲ್ ಸೀಳನ್ನು ಒಂದು ಕೆಂಪು ಚಾಚಿಕೆಯ ಮೇಲೆ ತಂದು ನಿಲ್ಲಿಸಿದ.

ಕಂಡದ್ದು ಮೂರು ಗೆರೆ. ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಅವುಗಳ ನಡುವೆ ಕಾಮನಬಿಲ್ಲಿನ ಸುಳಿವೂ ಇರಲಿಲ್ಲ. ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು: ಆ ಚಾಚಿಕೆಗಳು ಕಾದು ಹೊಳೆಯುವ ಅನಿಲ. ತಂಪಾದ ನೆಲ, ಅದರ ಮೇಲಿನ ಜೀವಿಗಳು ಎಂಬ ಅಜ್ಜನ ಸೂರ್ಯನಿಗೂ ಈ ಬೆಂಕಿಯ ಅನಿಲಕ್ಕೂ ಹೊಂದಿಕೆಯೇ ಇರಲಿಲ್ಲ.

ಇನ್ನು ಗೆರೆಗಳ ಸ್ಥಾನವನ್ನು ಅಳೆಯಬೇಕು. ಹರ್ಷೆಲ್ ಮೊದಲು ಕಿತ್ತಳೆ ಗೆರೆಯನ್ನು ಅಳೆದ. ಅದು ಡಿ ಗೆರೆಯ ಸ್ಥಾನಕ್ಕೆ ಕೂಡಿಬಂತು. ಆಮೇಲೆ ನೀಲಿ, ಅದು ಎಫ್ ಎಂಬ ಗೆರೆಯ ಹತ್ತಿರ. ಕೆಂಪನ್ನು ಅಳೆಯುವಷ್ಟರಲ್ಲಿ ಸೂರ್ಯನ ಅಂಚು ಹೊರಗೆ ಇಣುಕಿ ಎಲ್ಲವನ್ನೂ ಬೆಳಕಿನಲ್ಲಿ ಮುಳುಗಿಸಿತು. ನೀಲಿ ಮತ್ತು ಕೆಂಪು ಜಲಜನಕದ ಗೆರೆಗಳೆಂಬುದು ಬೇಗನೆ ಸ್ಪಷ್ಟವಾಯಿತು. ಕಿತ್ತಳೆಯದು? ಡಿ ಎಂದರೆ ಸೋಡಿಯಂ. ಸೂರ್ಯನಲ್ಲಿ ಸೋಡಿಯಂ ಇರುವುದು ಆಗಲೇ ಗೊತ್ತಿದ್ದ ಸಂಗತಿ. ಹಾಗೆ ಎಣಿಸಿದ್ದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

ಆದರೆ ಅದು ಸೋಡಿಯಮ್ಮಾಗಿರಲಿಲ್ಲ.

ಕಂಡವನಾರು, ಗುರುತಿಸಿದವನಾರು

ಸೋಡಿಯಮ್ಮಿನ ಎರಡು ಗೆರೆಗಳ ಅಲೆಯುದ್ದ 589.0 ಮತ್ತು 589.6 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಜಮಖಂಡಿಯಲ್ಲಿ ಕಂಡ ಗೆರೆಯದು 587.6. ವ್ಯತ್ಯಾಸ ಎರಡು ನ್ಯಾನೋಮೀಟರಿಗಿಂತ ಕಡಿಮೆ. ಹಾಯುವ ಮೋಡ, ಮುಗಿಯುತ್ತಿರುವ ನಿಮಿಷ, ಕತ್ತಲಲ್ಲಿ ಅಳತೆಯ ತಿರುಪು ತಿರುಗಿಸುವ ಕೈ: ಇವೆಲ್ಲದರ ನಡುವೆ ಆ ಕೂದಲೆಳೆಯ ಅಂತರವನ್ನು ಹಿಡಿಯುವುದು ಸುಲಭವಲ್ಲ. ಅಂದು ಬೇರೆ ಊರುಗಳಲ್ಲಿ ನಿಂತು ಅದೇ ಗೆರೆಯನ್ನು ಕಂಡವರಿಗೂ ಅದರ ನಿಜ ತಿಳಿಯಲಿಲ್ಲ.

ಗುಂಟೂರಿನಲ್ಲಿ ಜಾನ್ಸೆನ್‌ಗೆ ಇನ್ನೊಂದು ಯೋಚನೆ ಬಂತು. ಗೆರೆಗಳು ಇಷ್ಟು ಪ್ರಖರವಾಗಿದ್ದರೆ ಗ್ರಹಣವಿಲ್ಲದಾಗಲೂ ಅವು ಕಾಣಬೇಕಲ್ಲವೆ? ಮಾರನೆಯ ದಿನವೇ ಹಗಲು ಬೆಳಕಿನಲ್ಲಿ ಸೂರ್ಯನ ಅಂಚಿಗೆ ಉಪಕರಣವನ್ನು ತಿರುಗಿಸಿದ, ಕಂಡವು. ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಸ್ವತಂತ್ರವಾಗಿ ಇದೇ ದಾರಿಯನ್ನು ಹಿಡಿದು ಅಕ್ಟೋಬರ್ 20ರಂದು ಯಶಸ್ವಿಯಾದ. ಇಬ್ಬರ ವರದಿಗಳೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಒಂದೇ ದಿನ ಬಂದವು. ಐದು ನಿಮಿಷಗಳ ಅವಸರ ಅಲ್ಲಿಗೆ ಮುಗಿಯಿತು. ಬಿಡುವಾಗಿ ಕುಳಿತು ಅಳೆದ ಲಾಕಿಯರ್‌ಗೆ ಹಳದಿ-ಕಿತ್ತಳೆಯ ಆ ಗೆರೆ ಸೋಡಿಯಮ್ಮಿನ ಜೋಡಿಗೆ ಕೂಡುವುದಿಲ್ಲ ಎಂಬುದು ತಿಳಿಯಿತು. ಡಿ-ಒಂದು, ಡಿ-ಎರಡು ಸೋಡಿಯಮ್ಮಿನವು, ಇದು ಡಿ-ಮೂರು. ಭೂಮಿಯ ಮೇಲಿನ ಯಾವ ವಸ್ತುವಿಗೂ ಅದು ಹೊಂದಲಿಲ್ಲ. ಇದು ಸೂರ್ಯನಲ್ಲಿ ಮಾತ್ರ ಇರುವ ಹೊಸ ಮೂಲವಸ್ತು ಎಂದುಕೊಂಡು, ಸೂರ್ಯನಿಗೆ ಗ್ರೀಕರು ಹೇಳುವ ಹೀಲಿಯೋಸ್ ಎಂಬ ಹೆಸರಿನಿಂದ ಅದನ್ನು ಹೀಲಿಯಂ ಎಂದು ಕರೆಯಲಾಯಿತು.

ಬಹಳ ಮಂದಿ ನಂಬಲಿಲ್ಲ. ಕೈಗೆ ಸಿಗದ ವಸ್ತುವನ್ನು ಒಂದು ಗೆರೆಯ ಬಲದಿಂದ ನಂಬುವುದು ಹೇಗೆ? 1895ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರ‍್ಯಾಮ್ಸೆ ಯುರೇನಿಯಂ ಇರುವ ಒಂದು ಖನಿಜವನ್ನು ಆಮ್ಲದಲ್ಲಿ ಕರಗಿಸಿ, ಹೊರಬಂದ ಅನಿಲದ ರೋಹಿತ ನೋಡಿದ. ಅಲ್ಲಿ ಡಿ-ಮೂರು ಹೊಳೆಯುತ್ತಿತ್ತು. ಜಮಖಂಡಿಯ ಮುಂಜಾನೆಯಿಂದ ಆ ದಿನದವರೆಗೆ ಇಪ್ಪತ್ತೇಳು ವರ್ಷ. ಹರ್ಷೆಲ್ ಆಗ ಬದುಕಿದ್ದ.

ಹೀಲಿಯಂ ಗುಂಟೂರಿನಲ್ಲಿ ಸಿಕ್ಕಿತು ಎಂಬ ಮಾತನ್ನು ನಾವು ಆಗಾಗ ಓದುತ್ತೇವೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗುಂಟೂರಿನಷ್ಟೇ ಪಾಲು ಜಮಖಂಡಿಗೂ ಇದೆ ಎಂದು ಅಭಿಮಾನದಿಂದ ವಾದಿಸಬಹುದು. ಆದರೆ ಆ ದಿನ ಯಾರೂ ಎಲ್ಲಿಯೂ ಹೀಲಿಯಮ್ಮನ್ನು ಹೀಲಿಯಂ ಎಂದು ಅರಿಯಲಿಲ್ಲ. ಕಾಣುವುದು ಬೇರೆ, ಕಂಡದ್ದನ್ನು ಗುರುತಿಸುವುದು ಬೇರೆ. ಗುರುತಿಸಬೇಕಾದರೆ ಹೋಲಿಸಿ ನೋಡಲು ಕೈಯಲ್ಲೊಂದು ವಸ್ತು ಇರಬೇಕು; ಕೈಯಲ್ಲಿದ್ದ ವಸ್ತುವಿಗೆ ಹೊಂದದಿದ್ದಾಗ ಹೊಂದುವುದಿಲ್ಲ ಎನ್ನುವ ಧೈರ್ಯವೂ ಇರಬೇಕು.

ಈ ಧೈರ್ಯಕ್ಕೂ ಒಂದು ಎಚ್ಚರಿಕೆಯ ಕಥೆಯುಂಟು. ಮರುವರ್ಷ, 1869ರಲ್ಲಿ, ಅಮೆರಿಕದಲ್ಲಿ ಕಂಡ ಗ್ರಹಣದ ವೇಳೆ ಸೂರ್ಯನ ಸುತ್ತಲಿನ ಪ್ರಭಾವಲಯದಲ್ಲಿ ಒಂದು ಹಸಿರು ಗೆರೆ ಸಿಕ್ಕಿತು. ಅದೂ ಯಾವುದಕ್ಕೂ ಹೊಂದಲಿಲ್ಲ. ಹೀಲಿಯಮ್ಮಿನ ದಾರಿಯಲ್ಲೇ ಇದಕ್ಕೂ ಕೊರೋನಿಯಂ ಎಂಬ ಹೊಸ ಮೂಲವಸ್ತುವಿನ ಹೆಸರಿಟ್ಟರು. ಸುಮಾರು ಎಪ್ಪತ್ತು ವರ್ಷಗಳ ನಂತರ ಗ್ರೋಟ್ರಿಯನ್ ಮತ್ತು ಎಡ್ಲೆನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು: ಅದು ನಮ್ಮ ನೇಗಿಲಿನ ಕುಳದ ಕಬ್ಬಿಣವೇ! ಲಕ್ಷಾಂತರ ಡಿಗ್ರಿಗಳ ಶಾಖದಲ್ಲಿ ಇಪ್ಪತ್ತಾರು ಇಲೆಕ್ಟ್ರಾನುಗಳ ಪೈಕಿ ಹದಿಮೂರನ್ನು ಕಳೆದುಕೊಂಡ ಕಬ್ಬಿಣ. ಹೊಸದಾದ ಹೀಲಿಯಮ್ಮನ್ನು ಹಳೆಯದೆಂದುಕೊಂಡರು, ಹಳೆಯ ಕಬ್ಬಿಣವನ್ನು ಹೊಸದೆಂದುಕೊಂಡರು. ಎರಡೂ ತಪ್ಪುಗಳನ್ನು ತಿದ್ದಿದ್ದು ಮತ್ತಷ್ಟು ಸೂಕ್ಷ್ಮವಾದ ಅಳತೆ ಮತ್ತು ಹೋಲಿಕೆ.

ಬಾಲಚುಕ್ಕಿಯ ಹಸಿರು

ಇನ್ನು ಧೂಮಕೇತುವಿಗೆ ಬರೋಣ. ಹಳ್ಳಿಯವರ ಬಾಯಲ್ಲಿ ಅದು ಬಾಲಚುಕ್ಕಿ. ಅದು ಮೂಡಿದರೆ ಅರಸನಿಗೆ ಕೇಡು, ಬರಗಾಲ, ಬೇನೆ ಎಂಬ ನಂಬಿಕೆ ನಮ್ಮಲ್ಲೂ ಇತ್ತು, ಯುರೋಪಿನಲ್ಲೂ ಇತ್ತು. ಇಟಲಿಯ ಡೊನಾಟಿ 1864ರಲ್ಲಿ ಮೊದಲ ಬಾರಿಗೆ ಒಂದು ಧೂಮಕೇತುವಿನ ರೋಹಿತವನ್ನು ನೋಡಿ ಮೂರು ಹೊಳೆಯುವ ಪಟ್ಟಿಗಳನ್ನು ಕಂಡ. 1868ರಲ್ಲೇ, ಜಮಖಂಡಿಯ ಗ್ರಹಣಕ್ಕೆ ಎರಡು ತಿಂಗಳ ಮುಂಚೆ, ಇಂಗ್ಲೆಂಡಿನ ವಿಲಿಯಂ ಹಗ್ಗಿನ್ಸ್ ಇನ್ನೊಂದು ಧೂಮಕೇತುವಿನ ಪಟ್ಟಿಗಳನ್ನು ಪ್ರಯೋಗಶಾಲೆಯ ಇಂಗಾಲದ ಅನಿಲವೊಂದರ ಪಟ್ಟಿಗಳ ಪಕ್ಕದಲ್ಲಿಟ್ಟು ನೋಡಿದ. ಎರಡೂ ಒಂದಕ್ಕೊಂದು ಕೂಡಿದವು.

ಇಲ್ಲಿಯೂ ಅಡಿಗೆಮನೆ ನೆರವಿಗೆ ಬರುತ್ತದೆ. ಗ್ಯಾಸ್ ಒಲೆಯ ಉರಿಯ ಬುಡದಲ್ಲಿ ಕಾಣುವ ನೀಲಿ-ಹಸಿರು ಬಣ್ಣಕ್ಕೆ ಒಂದು ಕಾರಣ ಇಂಗಾಲದ ಎರಡು ಪರಮಾಣುಗಳು ಕೂಡಿದ ಅಣು. ಧೂಮಕೇತುವಿನ ತಲೆಯ ಹಸಿರಿಗೂ ಅದೇ ಕಾರಣ. ಧೂಮಕೇತುವಿನಲ್ಲಿ ಉರಿಯುವ ಬೆಂಕಿ ಇಲ್ಲ ಎಂಬುದನ್ನು ಮರೆಯಬಾರದು. ಸೂರ್ಯನ ಬೆಳಕು ದೊಡ್ಡ ಅಣುಗಳನ್ನು ಒಡೆದು ಈ ಜೋಡಿಗಳನ್ನು ಮಾಡುತ್ತದೆ. ಸುಮಾರು ಎರಡು ದಿನಗಳಲ್ಲಿ ಅದೇ ಬೆಳಕು ಜೋಡಿಗಳನ್ನೂ ಒಡೆದುಬಿಡುತ್ತದೆ. ತಲೆ ಹಸಿರಾಗಿದ್ದರೂ ಬಾಲ ಹಸಿರಾಗದಿರಲು ಇದೇ ಕಾರಣ.

ಅರೆತಿಳುವಳಿಕೆ ಹೊಸ ಭಯವನ್ನೂ ತರಬಲ್ಲದು. ರೋಹಿತದಲ್ಲಿ ಸಯನೋಜನ್ ಎಂಬ ವಿಷಾನಿಲದ ಗುರುತು ಸಿಕ್ಕಿದ್ದರಿಂದ, 1910ರಲ್ಲಿ ಹ್ಯಾಲಿ ಧೂಮಕೇತುವಿನ ಬಾಲದೊಳಗೆ ಭೂಮಿ ಹಾಯುತ್ತದೆ ಎಂಬ ಸುದ್ದಿ ಹಬ್ಬಿದಾಗ ಪಶ್ಚಿಮದ ನಗರಗಳಲ್ಲೇ ಜನ ಗಾಬರಿಗೊಂಡರು. ಬಾಲ ಎಷ್ಟು ತೆಳುವೆಂದರೆ ಯಾರಿಗೂ ಏನೂ ಆಗಲಿಲ್ಲ.

1950ರಲ್ಲಿ ಫ್ರೆಡ್ ವ್ಹಿಪಲ್ ಧೂಮಕೇತುವಿನ ಒಡಲು ಹಿಮ ಮತ್ತು ದೂಳು ಬೆರೆತ ಗಡ್ಡೆ ಎಂದರು. 1986ರ ಮಾರ್ಚಿನಲ್ಲಿ ಯುರೋಪಿನ ಜಿಯಾಟೊ ನೌಕೆ ಹ್ಯಾಲಿಯ ಒಡಲಿನಿಂದ ಸುಮಾರು 600 ಕಿಲೋಮೀಟರಿನಷ್ಟು ಹತ್ತಿರ ಹಾಯ್ದು ಚಿತ್ರ ತೆಗೆಯಿತು. ಸುಮಾರು 15 ಕಿಲೋಮೀಟರ್ ಉದ್ದದ ಆ ಗಡ್ಡೆ ಇದ್ದಿಲಿಗಿಂತ ಕಪ್ಪಾಗಿತ್ತು. ಅದರಿಂದ ಹೊರಬರುತ್ತಿದ್ದ ಅನಿಲದಲ್ಲಿ ಹೆಚ್ಚಿನ ಪಾಲು ನೀರಿನ ಆವಿ. 2014ರಲ್ಲಿ ರೊಸೆಟ್ಟಾ ನೌಕೆ ಇನ್ನೊಂದು ಧೂಮಕೇತುವಿನ ಸುತ್ತ ಸುತ್ತಿ, ಅದರ ಮೇಲೆ ಒಂದು ಪುಟ್ಟ ಯಂತ್ರವನ್ನೇ ಇಳಿಸಿತು. ಅಲ್ಲಿ ಗ್ಲೈಸೀನ್ ಎಂಬ ಅಮೈನೋ ಆಮ್ಲವೂ ರಂಜಕವೂ ಸಿಕ್ಕವು. ಎರಡೂ ಜೀವಿಗಳ ಮೈಯಲ್ಲಿ ಇರುವಂಥವು.

ಆಕಾಶ ತಾನಾಗಿ ನಮ್ಮ ಅಂಗಳಕ್ಕೆ ಬರುವುದೂ ಉಂಟು. 1865ರ ಸೆಪ್ಟೆಂಬರಿನಲ್ಲಿ ಮೈಸೂರು ಸೀಮೆಯ ಮದ್ದೂರಿನ ಬಳಿ, ಮರುವರ್ಷ ಉಡುಪಿಯಲ್ಲಿ ಉಲ್ಕಾಶಿಲೆಗಳು ಬಿದ್ದವು. ಇಂಥ ಶಿಲೆಗಳನ್ನು ಪ್ರಯೋಗಶಾಲೆಯಲ್ಲಿ ಕೊರೆದು, ಕರಗಿಸಿ ನೋಡಬಹುದು. ಸಿಲಿಕಾನ್, ಮೆಗ್ನೀಸಿಯಂ, ಕಬ್ಬಿಣ, ನಿಕ್ಕಲ್, ಆಮ್ಲಜನಕ: ಒಂದೂ ಅಪರಿಚಿತವಲ್ಲ. ಅತ್ಯಂತ ಹಳೆಯ ಮಾದರಿಯ ಉಲ್ಕಾಶಿಲೆಗಳಲ್ಲಿ ಈ ವಸ್ತುಗಳು ಬೆರೆತ ಪ್ರಮಾಣ, ಆವಿಯಾಗಿ ಹೋಗುವ ಹಗುರ ಅನಿಲಗಳನ್ನು ಬಿಟ್ಟರೆ, ಸೂರ್ಯನ ರೋಹಿತದಿಂದ ಲೆಕ್ಕಹಾಕಿದ ಪ್ರಮಾಣಕ್ಕೆ ಚೆನ್ನಾಗಿ ಹೊಂದುತ್ತದೆ. ಮುಟ್ಟಿ ನೋಡಿದ ಲೆಕ್ಕವೂ ದೂರದಿಂದ ನೋಡಿದ ಲೆಕ್ಕವೂ ತಾಳೆಯಾದವು.

2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೌಕೆಯೊಂದು ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣನ್ನು ಭೂಮಿಗೆ ತಂದಿತು. (ನಮ್ಮ ಬೆನ್ನಿಗೂ ಇದಕ್ಕೂ ಸಂಬಂಧವಿಲ್ಲ, ಇದು ಈಜಿಪ್ಟಿನ ಪುರಾಣದ ಹಕ್ಕಿಯ ಹೆಸರು.) 2025ರಲ್ಲಿ ಪ್ರಕಟವಾದ ಪರೀಕ್ಷೆಗಳ ಪ್ರಕಾರ ಅದರಲ್ಲಿ ನೀರು ಇಂಗಿಹೋದ ಮೇಲೆ ಉಳಿಯುವ ಹಲವು ಲವಣಗಳು ಸಿಕ್ಕಿವೆ. ಅವುಗಳಲ್ಲಿ ಒಂದು, ನಾವು ಒಲೆಗೆ ಹಾಕಿದ ಆ ಉಪ್ಪು.

ನೆರಳು ಸರಿದ ಮೇಲೆ

ಯಾವ ವಸ್ತು ಇದೆ ಎಂದು ತಿಳಿದರೆ ಸಾಲದು, ಎಷ್ಟಿದೆ ಎಂದೂ ತಿಳಿಯಬೇಕು. ಗೆರೆ ಗಾಢವಾಗಿದ್ದ ಮಾತ್ರಕ್ಕೆ ವಸ್ತು ಹೆಚ್ಚಿದೆ ಎಂದಲ್ಲ. ಶಾಖದ ಮೇಲೂ ಅದು ನಿಲ್ಲುತ್ತದೆ. ಈ ಲೆಕ್ಕದ ಕೀಲಿಕೈಯನ್ನು 1920ರಲ್ಲಿ ಕೊಟ್ಟವರು ನಮ್ಮ ದೇಶದ ಮೇಘನಾದ ಸಹಾ. ಅವರ ಸಮೀಕರಣವನ್ನು ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ಎಂಬ ತರುಣಿ ನಕ್ಷತ್ರಗಳು ಬಹುಮಟ್ಟಿಗೆ ಜಲಜನಕ ಮತ್ತು ಹೀಲಿಯಮ್ಮುಗಳೇ ಎಂಬ ಉತ್ತರಕ್ಕೆ ಬಂದರು. ಹಿರಿಯ ವಿಜ್ಞಾನಿ ರಸೆಲ್ ಅದನ್ನು ಒಪ್ಪಲಿಲ್ಲ. ಪೇನ್ ತಮ್ಮ ಪ್ರಬಂಧದಲ್ಲೇ, ಈ ಫಲಿತಾಂಶ ನಿಜವಿರಲಾರದು ಎಂಬ ಮಾತು ಸೇರಿಸಬೇಕಾಯಿತು. ನಾಲ್ಕು ವರ್ಷಗಳ ನಂತರ ರಸೆಲ್ ತಾವೇ ಅದನ್ನು ಒಪ್ಪಿಕೊಂಡರು. ಸೂರ್ಯನ ತೂಕದಲ್ಲಿ ಮುಕ್ಕಾಲು ಭಾಗದಷ್ಟು ಜಲಜನಕ, ಕಾಲು ಭಾಗದಷ್ಟು ಹೀಲಿಯಂ. ಉಳಿದೆಲ್ಲವೂ ಸೇರಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚಿಲ್ಲ. ಜಮಖಂಡಿಯ ಆ ಮೂರು ಗೆರೆಗಳಲ್ಲಿ ಎರಡು ಜಲಜನಕದವು, ಒಂದು ಹೀಲಿಯಮ್ಮಿನದು. ಸೂರ್ಯನ ಬಹುಪಾಲನ್ನು ಅಂದೇ ಹರ್ಷೆಲ್ ಒಂದು ನೋಟದಲ್ಲಿ ಕಂಡಿದ್ದ; ಕಂಡದ್ದು ಅಷ್ಟು ದೊಡ್ಡದೆಂದು ತಿಳಿಯಲು ಅರುವತ್ತು ವರ್ಷ ಬೇಕಾಯಿತು.

ಗ್ರಹಣವನ್ನು ಹಿಂಬಾಲಿಸಿದವರು ಕನ್ನಡದ ಸೀಮೆಗೆ ಮತ್ತೆಯೂ ಬಂದರು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಲಾಕಿಯರ್ ಸ್ವತಃ ಕಾಸರಗೋಡಿನ ಬೇಕಲಕ್ಕೆ ಬಂದಿದ್ದ. ಹೀಲಿಯಮ್ಮಿಗೆ ಹೆಸರಿಟ್ಟವನು ನಮ್ಮ ಕರಾವಳಿಯ ಕೋಟೆಯ ಊರಿನಲ್ಲಿ ನಿಂತು ಸೂರ್ಯನನ್ನು ನೋಡಿದ. 1980ರ ಫೆಬ್ರುವರಿ 16ರಂದು ಹುಬ್ಬಳ್ಳಿ, ರಾಯಚೂರುಗಳ ಮೇಲೆ ಖಗ್ರಾಸ ಗ್ರಹಣದ ನೆರಳು ಹಾದಾಗ ಮಾತ್ರ ಹಾಡಹಗಲೇ ಬೀದಿಗಳು ಬಿಕೋ ಎಂದವು. ಲಕ್ಷಾಂತರ ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ಕಣ್ಣಿಗೆ ಹಾನಿ ಎಂಬ ಎಚ್ಚರ ಬೇಕೇ ಬೇಕು. ಆದರೆ ಆ ಎಚ್ಚರಕ್ಕೂ ನೆರಳನ್ನೇ ಕೇಡೆಂದು ತಿಳಿಯುವುದಕ್ಕೂ ಬಹಳ ಅಂತರವಿದೆ. 1868ರ ಅದೇ ನೆರಳು ಒಂದು ಹೊಸ ಮೂಲವಸ್ತುವನ್ನು ಮನುಷ್ಯನ ಮುಂದೆ ಹಿಡಿದಿತ್ತು. ಇಂದು ದೊಡ್ಡ ಆಸ್ಪತ್ರೆಗಳ ಎಂಆರ್‌ಐ ಯಂತ್ರದ ಅಯಸ್ಕಾಂತವನ್ನು ಮೈನಸ್ 269 ಡಿಗ್ರಿಯ ಚಳಿಯಲ್ಲಿಡುವುದು ಅದೇ ಹೀಲಿಯಂ.

ಈಗ ಗ್ರಹಣಕ್ಕಾಗಿ ಕಾಯಬೇಕಾಗಿಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನೆಲೆಗೊಂಡಿದೆ. ಅದರಲ್ಲಿರುವ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಹೊಸಕೋಟೆಯ ತನ್ನ ಕೇಂದ್ರದಲ್ಲಿ. ಅದು ಸೂರ್ಯನ ಬಿಂಬವನ್ನು ತಾನೇ ಮರೆಮಾಡಿ ಬೇಕಾದಾಗ ಗ್ರಹಣ ಹಿಡಿಸುತ್ತದೆ. ಒಂದು ಕಾಲಕ್ಕೆ ಕೊರೋನಿಯಂ ಎನಿಸಿಕೊಂಡಿದ್ದ ಕಬ್ಬಿಣದ ಹಸಿರು ಗೆರೆಯನ್ನು ನೋಡುತ್ತದೆ. ಅಲ್ಲಿ ಮೋಡವಿಲ್ಲ, ಅವಸರವಿಲ್ಲ.

ಜಮಖಂಡಿಯಲ್ಲಿ ಎರಡೂ ಇದ್ದವು. ಆದರೂ ಹರ್ಷೆಲ್ ಒಂದು ಕೆಲಸವನ್ನು ಸರಿಯಾಗಿ ಮಾಡಿದ. ಕಂಡದ್ದನ್ನು ಕಂಡಂತೆ ಬರೆದ: ಇಷ್ಟು ಗೆರೆ, ಇಂಥ ಬಣ್ಣ, ಇದನ್ನು ಅಳೆದೆ, ಇದನ್ನು ಅಳೆಯಲಾಗಲಿಲ್ಲ. ಅವನ ಕಿತ್ತಳೆ ಗೆರೆಯ ಅರ್ಥ ತಪ್ಪಿತು, ಗೆರೆ ತಪ್ಪಲಿಲ್ಲ. ಆ ಬರಹ ಇದ್ದುದರಿಂದಲೇ ಇಂದು ನಾವು ಮುಧೋಳ-ಜಮಖಂಡಿಯ ಶಾಲೆಯ ಮಕ್ಕಳಿಗೆ ಹೇಳಬಹುದು: ಸೂರ್ಯ ಏತರಿಂದ ಆಗಿದ್ದಾನೆ ಎಂಬ ಪ್ರಶ್ನೆಯ ಉತ್ತರ ಒಮ್ಮೆ ನಮ್ಮೂರ ಮೋಡದ ಸಂದಿನಲ್ಲಿ ಕಾಣಿಸಿಕೊಂಡಿತ್ತು.